ಹತ್ತು ದಿನದ ರಜೆಯಲ್ಲಿ ಹಸಿವು ಮತ್ತು ಸೂರಿನ ಕೆಲಸ: ಕೊಡಗಿನ ವಿದ್ಯಾರ್ಥಿನಿಯೊಬ್ಬರಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಗೋಣಿಕೊಪ್ಪಲಿನ ಪದವಿ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೇನೆ. ರಾಷ್ಟ್ರೀಯ ಸೇವಾ ಯೋಜನೆಯ ಘಟಕದಲ್ಲಿರುವ ನಾವು 14 ಮಂದಿ ಏಪ್ರಿಲ್ ರಜೆಯಲ್ಲಿ ಹತ್ತು ದಿನ ಹಸಿದವರಿಗಾಗಿ, ಮನೆಯಿಲ್ಲದವರಿಗಾಗಿ ಏನಾದರೂ ಕೆಲಸ ಮಾಡಬೇಕೆಂದಿದ್ದೇವೆ. ಅಕ್ಕಿ ಮತ್ತು ಹಳೆಯ ಬಟ್ಟೆ ಸಂಗ್ರಹಿಸಿ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಹಂಚೋಣ ಎಂದು ಕೆಲವರು ಹೇಳುತ್ತಾರೆ. ಕೊಡಗಿನಲ್ಲಿ ಬೀದಿಯಲ್ಲಿ ಮಲಗುವವರೇ ಕಡಿಮೆ, ಬೆಂಗಳೂರಿಗೆ ಹೋಗೋಣ ಎಂದು ಇನ್ನು ಕೆಲವರ ಅಭಿಪ್ರಾಯ. ನಾವು ಸುಮಾರು 25,000 ರೂಪಾಯಿ ಕೂಡಿಸಬಲ್ಲೆವು. ಯಾವ ಕೆಲಸ ನಿಜವಾಗಿ ಉಪಯೋಗಕ್ಕೆ ಬಂದೀತು ಎಂದು ದಯವಿಟ್ಟು ತಿಳಿಸಿ.

ಉತ್ತರ: ಬೆಂಗಳೂರಿನ ವಿಚಾರವನ್ನು ಮೊದಲೇ ಮುಗಿಸಿಬಿಡುತ್ತೇನೆ: ಹೋಗಬೇಡಿ. 14 ಮಂದಿಯ ಪ್ರಯಾಣಕ್ಕೆ, ಉಳಿದುಕೊಳ್ಳುವುದಕ್ಕೆ ನಿಮ್ಮ ಹಣದ ಬಹುಪಾಲು ಖರ್ಚಾಗುತ್ತದೆ, ಮತ್ತು ಪರಿಚಯವಿಲ್ಲದ ನಗರದಲ್ಲಿ ಬೇರೆಯವರು ಬೇಯಿಸಿದ ಅನ್ನವನ್ನು ಬಡಿಸಿ ಬರುವುದಕ್ಕಿಂತ ಹೆಚ್ಚಿನದೇನೂ ಹತ್ತು ದಿನದಲ್ಲಿ ನಿಮ್ಮಿಂದ ಆಗಲಾರದು. ಇಲ್ಲಿಯಾದರೆ ನಿಮಗೆ ದಾರಿ ಗೊತ್ತು, ಬಸ್ಸಿನ ವೇಳೆ ಗೊತ್ತು, ಮಾತು ಗೊತ್ತು. ರಜೆ ಮುಗಿದ ಮೇಲೂ ನೀವು ಇಲ್ಲಿಯೇ ಇರುತ್ತೀರಿ. ನಾನು ಸೂಚಿಸಲಿರುವ ಕೆಲಸಕ್ಕೆ ಈ ಕೊನೆಯ ಸಂಗತಿಯೇ ಎಲ್ಲಕ್ಕಿಂತ ಮುಖ್ಯ.

ಕೊಡಗಿನಲ್ಲಿ ಮನೆಯಿಲ್ಲದವರು ಕಡಿಮೆ ಎನ್ನುವ ನಿಮ್ಮ ಗೆಳೆಯರು ಬಸ್ ನಿಲ್ದಾಣದಲ್ಲಿ ಮಲಗಿದವರನ್ನಷ್ಟೇ ಎಣಿಸಿದ್ದಾರೆ. ಇಲ್ಲಿ ಮನೆಯಿಲ್ಲದವರ ತಲೆಯ ಮೇಲೆ ಬಹುಮಟ್ಟಿಗೆ ಒಂದು ಸೂರು ಇರುತ್ತದೆ, ಆದರೆ ಆ ಸೂರು ಅವರದಲ್ಲ. ಕಾಫಿ ತೋಟದಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆ ಕೆಲಸದ ಜೊತೆಗೆ ಬರುತ್ತದೆ, ಕೆಲಸದ ಜೊತೆಗೇ ಹೋಗುತ್ತದೆ. ತಲೆಮಾರಿನಿಂದ ಒಂದೇ ತೋಟದಲ್ಲಿ ದುಡಿದ ಎರವ ಅಥವಾ ಕುರುಬ ಬುಡಕಟ್ಟಿನ ಕುಟುಂಬವಾದರೂ, ತೋಟ ಮಾರಾಟವಾದ ದಿನ ಅಥವಾ ಮರ ಹತ್ತಿ ಕೆಲಸ ಮಾಡುವಾಗ ಬಿದ್ದು ಮನೆಯ ದುಡಿಯುವ ಕೈ ನಿಂತುಹೋದ ದಿನ, ಪಾತ್ರೆಪಗಡ ಕಟ್ಟಿಕೊಂಡು ಹೊರಡಬೇಕಾಗಬಹುದು. 1951ರ ತೋಟ ಕಾರ್ಮಿಕರ ಕಾಯ್ದೆಯು ದೊಡ್ಡ ತೋಟಗಳ ಮಾಲೀಕರ ಮೇಲೆ ವಸತಿಯ ಹೊಣೆ ಹೊರಿಸಿತು. ಆದರೆ ಆ ವಸತಿ ದುಡಿಮೆ ಇರುವವರೆಗಿನದು, ಮತ್ತು ಐದು ಹೆಕ್ಟೇರಿಗಿಂತ ಚಿಕ್ಕ ತೋಟಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರಲೇ ಇಲ್ಲ. 2016ರ ಡಿಸೆಂಬರಿನಲ್ಲಿ ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಗುಡಿಸಲುಗಳನ್ನು ಕಿತ್ತುಹಾಕಿದಾಗ ಬಯಲಿಗೆ ಬಿದ್ದ 577 ಕುಟುಂಬಗಳ ಸುದ್ದಿ ನಿಮ್ಮ ಬಾಲ್ಯದ ನೆನಪಿನಲ್ಲಿರಬಹುದು. ಅವರಲ್ಲಿ ಬಹಳಷ್ಟು ಮಂದಿ ಲೈನ್ ಮನೆಗಳನ್ನು ಬಿಟ್ಟು, ತಮ್ಮದೆನ್ನುವ ಒಂದಿಷ್ಟು ನೆಲ ಬೇಕೆಂದು ಬಂದವರಾಗಿದ್ದರು. ಮುಂದೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿಯಾಯಿತು. ಅದಾದ ಮೇಲೆ 2018ರ ಆಗಸ್ಟಿನ ಭೂಕುಸಿತ, 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳಿಗೆ ನುಗ್ಗಿದ ಕಾವೇರಿ, ಇವು ಮನೆಯಿದ್ದವರನ್ನೂ ಶಿಬಿರಕ್ಕೆ, ಶಿಬಿರದಿಂದ ಬಾಡಿಗೆ ಮನೆಗೆ, ನೆಂಟರ ಜಗಲಿಗೆ ಅಟ್ಟಿದವು.

ಸ್ವಂತ ಸೂರಿಲ್ಲದವರಿಗೆ ನೆಲೆಯಾದ ವಿಳಾಸವಿರುವುದಿಲ್ಲ, ವಿಳಾಸವಿಲ್ಲದವರ ಆಧಾರ್, ಆದಾಯ ಪ್ರಮಾಣಪತ್ರ, ಪಡಿತರ ಚೀಟಿ ಒಂದಾದ ಮೇಲೊಂದು ಕೈಕೊಡುತ್ತವೆ. ನೀವು ಹಸಿವು ಮತ್ತು ವಸತಿ ಎಂದು ಬೇರೆ ಬೇರೆಯಾಗಿ ಬರೆದದ್ದು ನಮ್ಮ ಜಿಲ್ಲೆಯಲ್ಲಿ ಒಂದೇ ಸಮಸ್ಯೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ (ಬಿ.ಪಿ.ಎಲ್.) ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ (ಕಡುಬಡವರ) ಕುಟುಂಬಕ್ಕೆ ಒಟ್ಟು 35 ಕೆ.ಜಿ. ಧಾನ್ಯ ಸಲ್ಲಬೇಕು, 2023ರ ಜನವರಿಯಿಂದ ಇದು ಉಚಿತ. ಇದರ ಮೇಲೆ ರಾಜ್ಯ ಸರ್ಕಾರ ಅನ್ನಭಾಗ್ಯದಡಿ ಕೊಡುವ ಹೆಚ್ಚುವರಿ ಪಾಲು ಒಮ್ಮೆ ಅಕ್ಕಿಯಾಗಿ, ಒಮ್ಮೆ ಹಣವಾಗಿ ಬಂದಿದೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದ ಹೆಂಗಸಿಗೇ ಸೇರುತ್ತದೆ. ಹೀಗಾಗಿ ಚೀಟಿಯಲ್ಲಿ ಒಂದು ಹೆಸರು ತಪ್ಪಿದ್ದರೆ ಆ ಮನೆಗೆ ಬರಬೇಕಾದ ಅಕ್ಕಿಯೂ ತಪ್ಪುತ್ತದೆ, ಹಣವೂ ತಪ್ಪುತ್ತದೆ. ಇನ್ನೊಂದು ಮಾತು ನಿಮ್ಮ ಜಿಲ್ಲೆಗೇ ವಿಶೇಷವಾಗಿ ಅನ್ವಯಿಸುತ್ತದೆ: ಕೇಂದ್ರ ಸರ್ಕಾರವು ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ ಸಮುದಾಯಗಳ ಕುಟುಂಬಗಳೆಲ್ಲವೂ ಅಂತ್ಯೋದಯಕ್ಕೆ ಅರ್ಹ, ಮತ್ತು ಕೊಡಗಿನ ಜೇನುಕುರುಬರು ಆ ಪಟ್ಟಿಯಲ್ಲಿದ್ದಾರೆ. ಮೂರೇ ಜನರಿರುವ ಜೇನುಕುರುಬ ಮನೆಗೆ ಸಾಮಾನ್ಯ ಆದ್ಯತಾ ಚೀಟಿಯಿದ್ದರೆ 35 ಕೆ.ಜಿ.ಯ ಜಾಗದಲ್ಲಿ ಕಾಯ್ದೆಯ ಪಾಲು 15 ಕೆ.ಜಿ.ಗೆ ಇಳಿಯುತ್ತದೆ. ಇಂಥ ಒಂದು ಚೀಟಿಯನ್ನು ಸರಿಪಡಿಸಿದರೆ ಆ ಮನೆಗೆ ಪ್ರತಿ ತಿಂಗಳೂ 20 ಕೆ.ಜಿ. ಹೆಚ್ಚು ಬರುತ್ತದೆ, ನೀವು ಊರೂರು ಸುತ್ತಿ ಸಂಗ್ರಹಿಸಿದ ಅಕ್ಕಿಯಿಂದ ಈ ಕೆಲಸ ಆಗದು.

ಆದ್ದರಿಂದ ಅಕ್ಕಿ ಹಂಚುವುದನ್ನು ಕೈಬಿಡಿ. ಚೀಟಿ ಇರುವ ಮನೆಯಲ್ಲಿ ಅಕ್ಕಿಗೆ ಕೊರತೆಯಿಲ್ಲ. ಕೊರತೆ ಇರುವುದು ಬೇಳೆ, ಎಣ್ಣೆ, ತರಕಾರಿ, ಮೊಟ್ಟೆಗೆ. ಚೀಟಿ ಇಲ್ಲದ ಮನೆಗೆ ನೀವು ಕೊಡುವ ಹತ್ತು ಕೆ.ಜಿ. ಎರಡು ವಾರಕ್ಕೆ ಮುಗಿಯುತ್ತದೆ, ಆಮೇಲೆ ಹಿಂದಿನ ಸ್ಥಿತಿಯೇ. ಹಳೆಯ ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2018ರಲ್ಲಿ ಪರಿಹಾರ ಕೇಂದ್ರಗಳಿಗೆ ಲಾರಿಗಟ್ಟಲೆ ಬಂದಿಳಿದ ಬಟ್ಟೆಯ ರಾಶಿಗಳನ್ನು ಕಂಡ ಯಾರೂ ಮತ್ತೊಮ್ಮೆ ಆ ಯೋಚನೆ ಮಾಡುವುದಿಲ್ಲ.

ಆದರೆ ಆಹಾರವನ್ನೇ ಕೊಡಬೇಕಾದ ಒಂದು ಸಂದರ್ಭವಿದೆ, ಅದೂ ನಿಮ್ಮ ರಜೆಯ ಕಾಲಕ್ಕೇ ಬರುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಮಧ್ಯಾಹ್ನದ ಊಟ ಕಾಯ್ದೆಯ ಹಕ್ಕು. ಆ ಹಕ್ಕನ್ನು ಕೊಡುವ ಕಲಮಿನಲ್ಲಿಯೇ ‘ಶಾಲಾ ರಜೆಯ ದಿನಗಳನ್ನು ಹೊರತುಪಡಿಸಿ’ ಎಂದೂ ಇದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ, ಹೆಚ್ಚುಕಡಿಮೆ ಏಳು ವಾರ, ಶಾಲೆಯ ಒಲೆ ಹೊತ್ತುವುದಿಲ್ಲ. ಬರ ಘೋಷಣೆಯಾದ ತಾಲ್ಲೂಕುಗಳಲ್ಲಿ ಮಾತ್ರ, 2024ರ ಬೇಸಿಗೆಯಲ್ಲಿ ಆದಂತೆ, ರಜೆಯಲ್ಲೂ ಬಿಸಿಯೂಟ ಕೊಡುವ ವ್ಯವಸ್ಥೆಯಾಗುತ್ತದೆ. ಆಶ್ರಮ ಶಾಲೆಗಳಲ್ಲಿದ್ದು ಮೂರು ಹೊತ್ತು ಉಣ್ಣುತ್ತಿದ್ದ ಮಕ್ಕಳೂ ಇದೇ ಸಮಯಕ್ಕೆ ಹಾಡಿಗೆ ಮರಳುತ್ತಾರೆ. ರೊಬಸ್ಟಾ ಕೊಯ್ಲು ಮುಗಿದು ತೋಟದಲ್ಲಿ ಕೂಲಿಯ ದಿನಗಳು ಇಳಿಯುವುದೂ ಆಗಲೇ. ಮಕ್ಕಳು ಹೆಚ್ಚು, ಕೂಲಿ ಕಡಿಮೆ, ಬಿಸಿಯೂಟವಿಲ್ಲ: ಈ ಮೂರೂ ಕೂಡಿಬರುವ ವಾರಗಳಲ್ಲಿ ನಿಮಗೆ ರಜೆ.

ನಿಮಗೆ ಹತ್ತಿರದ ಒಂದೇ ಒಂದು ಹಾಡಿ ಅಥವಾ ಲೈನ್ ಮನೆಗಳ ಗುಂಪನ್ನು ಆರಿಸಿಕೊಂಡು, ಅಲ್ಲಿನ ಮಕ್ಕಳಿಗೆ ಮಧ್ಯಾಹ್ನದ ಊಟ ನಡೆಸಿ. ಅಡುಗೆಗೆ ನೀವು ಸೌಟು ಹಿಡಿಯಬೇಕಾಗಿಲ್ಲ, ಹಿಡಿಯಲೂಬಾರದು. ಅದೇ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅಕ್ಕಂದಿರಿಗೆ ಬೇಸಿಗೆ ರಜೆಯಲ್ಲಿ ಗೌರವಧನವಿರುವುದಿಲ್ಲ. ಮೂವತ್ತು ಮಕ್ಕಳಿಗೆ ಎಷ್ಟು ಬೇಯಿಸಬೇಕು, ಯಾವ ಮಗು ಎಷ್ಟು ಉಣ್ಣುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಅವರಿಗೆ ಕೂಲಿ ಕೊಟ್ಟು ಮಾಡಿಸಿ. ಬಿಸಿಯೂಟದ ಪ್ರಮಾಣವನ್ನೇ ಅಳತೆಯಾಗಿಟ್ಟುಕೊಳ್ಳಬಹುದು: ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ, ಆರರಿಂದ ಎಂಟನೆಯ ತರಗತಿಯವರಿಗೆ ಇದರ ಒಂದೂವರೆ ಪಟ್ಟು. ಮೂವತ್ತು ಚಿಕ್ಕ ಮಕ್ಕಳಿದ್ದರೆ ದಿನಕ್ಕೆ 3 ಕೆ.ಜಿ. ಅಕ್ಕಿ, 600 ಗ್ರಾಂ ಬೇಳೆ, ಒಂದೂವರೆ ಕೆ.ಜಿ. ತರಕಾರಿ, ಮೇಲೆ ತಲಾ ಒಂದು ಮೊಟ್ಟೆ. ನನ್ನ ಅಂದಾಜಿನಲ್ಲಿ ಅಡುಗೆಯವರ ಕೂಲಿಯೂ ಸೇರಿ ಇದು ದಿನಕ್ಕೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಶಾಲೆಯ ಅಡುಗೆಮನೆ ಬಳಸುವುದಾದರೆ ಮುಖ್ಯ ಶಿಕ್ಷಕರು, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆಯನ್ನು ಮಾರ್ಚ್ ತಿಂಗಳಲ್ಲೇ ಬರಹದಲ್ಲಿ ಪಡೆಯಿರಿ, ಏಕೆಂದರೆ ರಜೆ ಶುರುವಾದ ಮೇಲೆ ಶಾಲೆಯ ಬೀಗದ ಕೈ ಯಾರಲ್ಲಿದೆ ಎಂದು ಹುಡುಕುವುದರಲ್ಲೇ ಎರಡು ದಿನ ಹೋಗುತ್ತದೆ. ಎರಡು ಮೂರು ವರ್ಷದ ತಂಗಿಯನ್ನೋ ತಮ್ಮನನ್ನೋ ಎತ್ತಿಕೊಂಡು ಬರುವ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಹಿಂದಕ್ಕೆ ಕಳಿಸಬೇಡಿ, ಆದರೆ ಆ ಕೂಸಿನ ಹೆಸರು ಅಂಗನವಾಡಿಯಲ್ಲಿದೆಯೇ ಎಂದು ಅಂದೇ ವಿಚಾರಿಸಿ.

ಊಟಕ್ಕೆ ಬೇಕಾದದ್ದು ನಿಮ್ಮ ಹಣ. ನಿಮ್ಮ ಕೈಕಾಲು ಮತ್ತು ಓದುಬರಹ ಬೇಕಾದದ್ದು ಕಾಗದಪತ್ರಗಳ ಕೆಲಸಕ್ಕೆ. ರಜೆಯ ಶಿಬಿರಗಳು ಬಹಳ ಸಲ ಇದನ್ನು ತಿರುವುಮುರುವು ಮಾಡುತ್ತವೆ: ಹದಿನಾಲ್ಕು ಪದವಿ ವಿದ್ಯಾರ್ಥಿಗಳು ಈರುಳ್ಳಿ ಹೆಚ್ಚುತ್ತಾ ಕೂರುತ್ತಾರೆ, ಆಚೆ ಮನೆಯ ಅಜ್ಜಿಯ ಪಿಂಚಣಿ ನಿಂತು ವರ್ಷವಾದದ್ದನ್ನು ಕೇಳುವವರಿರುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ರಜೆಗೆ ಮೊದಲೇ ಆ ಗ್ರಾಮ ಪಂಚಾಯಿತಿಯ ಪಿ.ಡಿ.ಒ., ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ನ್ಯಾಯಬೆಲೆ ಅಂಗಡಿಯವರು, ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರು ಮತ್ತು ಐ.ಟಿ.ಡಿ.ಪಿ. (ಬುಡಕಟ್ಟು ಅಭಿವೃದ್ಧಿ ಯೋಜನೆ) ಕಚೇರಿಯವರನ್ನು ಕಂಡು ಮಾತನಾಡಿ. ಇವರಲ್ಲಿ ಆಶಾ ಕಾರ್ಯಕರ್ತೆಯನ್ನು ಎಲ್ಲರಿಗಿಂತ ಮೊದಲು ಕಾಣಿ. ಯಾರ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಎಂಬುದು ಆಕೆಗೆ ಕಡತಗಳಿಗಿಂತ ಮುಂಚೆ ತಿಳಿದಿರುತ್ತದೆ. ರಜೆಯ ಮೊದಲ ನಾಲ್ಕು ದಿನ ಮನೆಮನೆಗೆ ಹೋಗಿ ಪ್ರತಿ ಕುಟುಂಬದ ತೊಡಕೇನೆಂದು ಬರೆದುಕೊಳ್ಳಿ. ನಿಮಗೆ ಎದುರಾಗುವ ತೊಡಕುಗಳು ಸಾಮಾನ್ಯವಾಗಿ ಕೆಲವೇ ಬಗೆಯವು. ಮದುವೆಯಾಗಿ ಬಂದವಳ ಹೆಸರು ಇನ್ನೂ ತವರಿನ ಚೀಟಿಯಲ್ಲಿದೆ. ಹುಟ್ಟಿದ ಮಕ್ಕಳು ಚೀಟಿಗೆ ಸೇರಿಲ್ಲ. ಇ-ಕೆವೈಸಿ ಆಗಿಲ್ಲವೆಂದು ಒಬ್ಬರ ಪಾಲು ನಿಂತಿದೆ. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಎಂದೋ ರದ್ದಾಗಿದೆ. ಐದು ಮತ್ತು ಹದಿನೈದನೆಯ ವಯಸ್ಸಿನಲ್ಲಿ ಕಡ್ಡಾಯವಾಗಿ ಆಗಬೇಕಾದ ಮಕ್ಕಳ ಬೆರಳಚ್ಚಿನ ನವೀಕರಣ ಆಗಿಲ್ಲ. ವರ್ಷಗಟ್ಟಲೆ ಕಾಫಿ ಕೊಯ್ದ, ಕತ್ತಿ ಹಿಡಿದ ಬೆರಳುಗಳ ಗೆರೆ ಸವೆದು ಯಂತ್ರ ಒಪ್ಪುತ್ತಿಲ್ಲ ಎಂಬುದೂ ಇಲ್ಲಿ ಅಪರೂಪವಲ್ಲ. ಬೆರಳಚ್ಚು ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಂಗಡಿಯವರೊಡನೆ ಜಗಳಕ್ಕಿಳಿಯದೆ ಆಹಾರ ನಿರೀಕ್ಷಕರಿಗೆ ಬರಹದಲ್ಲಿ ತಿಳಿಸಿ, ನಕಲನ್ನು ಆ ಮನೆಯವರ ಕೈಯಲ್ಲಿ ಕೊಡಿ.

ತೋಟ ಬದಲಾಯಿಸಿದವರು ‘ನಮ್ಮ ಕಾರ್ಡು ಹಳೆಯ ಊರಿನದು, ಇಲ್ಲಿ ನಡೆಯುವುದಿಲ್ಲ’ ಎಂದು ಸುಮ್ಮನಾಗಿರುತ್ತಾರೆ. ನಡೆಯುತ್ತದೆ. ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡಿತರ ಪಡೆಯಬಹುದು. ಮಾಲ್ದಾರೆಯಿಂದ ಸುಂಟಿಕೊಪ್ಪಕ್ಕೆ ಬಂದವರು ಚೀಟಿ ವರ್ಗಾಯಿಸಿಕೊಳ್ಳುವವರೆಗೆ ಉಪವಾಸವಿರಬೇಕಾಗಿಲ್ಲ. ಹೊಸ ಚೀಟಿಯ ಅರ್ಜಿ ಮಾತ್ರ ಬೇರೆ ವಿಷಯ. ಇಲಾಖೆ ಅರ್ಜಿ ಸ್ವೀಕರಿಸುವ ಅವಧಿ ಯಾವಾಗಲೂ ತೆರೆದಿರುವುದಿಲ್ಲ. ತೆರೆದಿಲ್ಲದಿದ್ದರೆ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮಾಡಿಸಿಟ್ಟು, ತೆರೆದ ದಿನವೇ ಅರ್ಜಿ ಹಾಕುವಂತೆ ಸಿದ್ಧಮಾಡಿಡಿ. ಜನನ ನೋಂದಣಿಯೇ ಆಗದ ಮಕ್ಕಳಿದ್ದರೆ ಅದು ಹತ್ತು ದಿನದಲ್ಲಿ ಮುಗಿಯುವ ಕೆಲಸವಲ್ಲ, ವರ್ಷ ಕಳೆದ ಜನನಕ್ಕೆ ದಂಡಾಧಿಕಾರಿಗಳ ಆದೇಶ ಬೇಕು. ಅರ್ಜಿಯನ್ನು ಆರಂಭಿಸಿ, ಮುಂದುವರಿಸುವ ಹೊಣೆಯನ್ನು ಪಂಚಾಯಿತಿಗೆ ಒಪ್ಪಿಸಿ.

ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ತಾಲ್ಲೂಕು ಕಚೇರಿಗೆ ಹೋದ ದಿನ ಕೂಲಿಯಾಳಿಗೆ ಒಂದು ದಿನದ ಕೂಲಿ ಹೋಗುತ್ತದೆ, ‘ನಾಳೆ ಬನ್ನಿ’ ಎಂದರೆ ಎರಡು ದಿನದ್ದು. ಆದ್ದರಿಂದ ಜನರನ್ನು ಕಚೇರಿಗೆ ಕರೆದೊಯ್ಯುವುದಕ್ಕಿಂತ ಕಚೇರಿಯನ್ನೇ ಹಾಡಿಗೆ ಕರೆಸುವುದು ಮೇಲು. ಐದನೆಯ ದಿನ ನಿಮ್ಮ ಪಟ್ಟಿಯನ್ನು, ಹೆಸರು ಮತ್ತು ತೊಡಕು ಬಿಡಿಬಿಡಿಯಾಗಿ ಬರೆದು, ತಹಶೀಲ್ದಾರರ ಮುಂದಿಡಿ. ಏಳನೆಯ ಅಥವಾ ಎಂಟನೆಯ ದಿನ ಆಹಾರ ನಿರೀಕ್ಷಕರು ಮತ್ತು ಗ್ರಾಮ ಒನ್ ಕೇಂದ್ರದವರು ಯಂತ್ರದೊಂದಿಗೆ ಅರ್ಧ ದಿನ ಹಾಡಿಗೆ ಬರಲಿ ಎಂದು ಕೋರಿ. ‘ಶಿಬಿರ ಮಾಡಿಕೊಡಿ’ ಎಂದು ಬರಿಗೈಯಲ್ಲಿ ಕೇಳಿದರೆ ಅಧಿಕಾರಿಗಳು ದಿನ ಮುಂದೂಡುತ್ತಾರೆ. ನಲವತ್ತು ಪ್ರಕರಣಗಳು, ದಾಖಲೆಗಳ ನಕಲು ಸಮೇತ ಸಿದ್ಧವಾಗಿವೆ ಎಂದರೆ ಸಾಮಾನ್ಯವಾಗಿ ಬರುತ್ತಾರೆ. ಹಾಡಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಲೈನ್ ಮನೆಗಳಿಗೆ ಹೋಗುವುದಕ್ಕೆ ಬೇರೆ ಸೂಕ್ಷ್ಮವಿದೆ. ಅದು ಖಾಸಗಿ ತೋಟ. ಸಾವುಕಾರರ (ತೋಟದ ಮಾಲೀಕರ) ಅಥವಾ ರೈಟರ (ತೋಟದ ಮೇಲ್ವಿಚಾರಕರ) ಅನುಮತಿಯಿಲ್ಲದೆ ಗೇಟು ದಾಟಬೇಡಿ. ಕೆಲಸಗಾರರ ಕಾರ್ಡುಗಳ ತೊಡಕು ಬಿಡಿಸಿಕೊಡುತ್ತೇವೆ ಎಂದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ, ಕೆಲಸಗಾರರು ಕಚೇರಿ ಅಲೆಯುವ ದಿನಗಳು ಅವರಿಗೂ ನಷ್ಟವೇ. ನಿಮ್ಮ ತಂಡದಲ್ಲಿ ತೋಟದ ಮನೆತನಗಳ ಮಕ್ಕಳಿದ್ದರೆ ಬಾಗಿಲು ಬೇಗ ತೆರೆಯುತ್ತದೆ, ಆದರೆ ಅವರ ಎದುರು ಕೆಲಸಗಾರರು ಬಾಯಿ ಬಿಡದೆಯೂ ಇರಬಹುದು. ಅವರನ್ನು ತಮ್ಮ ತೋಟಕ್ಕೆ ಕಳಿಸದೆ ಬೇರೆ ಕಡೆ ಹಾಕಿ. ಹಗಲು ಎಲ್ಲರೂ ಕೆಲಸದಲ್ಲಿರುತ್ತಾರೆ, ಸಂಜೆ ಹೋಗೋಣವೆಂದರೆ ಸಿದ್ದಾಪುರ, ಮಾಲ್ದಾರೆ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಕತ್ತಲಾದ ಮೇಲೆ ಆನೆಗಳ ಓಡಾಟ. ಆರು ಗಂಟೆಯೊಳಗೆ ಮುಖ್ಯ ರಸ್ತೆಗೆ ಬಂದು ಸೇರುವ ನಿಯಮವನ್ನು ಯಾರಿಗೂ ಸಡಿಲಿಸಬೇಡಿ. ಈ ಎರಡು ಅಡ್ಡಿಗಳಿಗೂ ಉತ್ತರವಾಗಿ ಸಂತೆ ಇದೆ. ಗೋಣಿಕೊಪ್ಪ ಮತ್ತು ಸಿದ್ದಾಪುರಗಳ ಭಾನುವಾರದ ಸಂತೆಗೆ ವಾರದ ಕೂಲಿ ಹಿಡಿದು ಸುತ್ತಲಿನ ತೋಟಗಳಿಂದ ಜನ ಬರುತ್ತಾರೆ. ಪಂಚಾಯಿತಿಯ ಒಪ್ಪಿಗೆ ಪಡೆದು ಅಲ್ಲಿ ಒಂದು ಮೇಜು ಹಾಕಿ ಕುಳಿತರೆ, ನಾಲ್ಕು ದಿನ ತೋಟ ಸುತ್ತಿ ಸಿಗದವರು ಒಂದು ಬೆಳಗಿನಲ್ಲಿ ಸಿಗುತ್ತಾರೆ.

ಹೊರರಾಜ್ಯದ ಕಾರ್ಮಿಕರ ವಿಷಯವನ್ನೂ ಸೇರಿಸಬೇಕು. ಅಸ್ಸಾಮಿನಿಂದ ಬಂದವರಲ್ಲಿ ಹಲವರು ಕೊಯ್ಲು ಮುಗಿಸಿ ಏಪ್ರಿಲ್ ನಡುವಿನ ಬಿಹು ಹಬ್ಬಕ್ಕೆ ಊರಿಗೆ ಹೋಗಿರುತ್ತಾರೆ. ಉಳಿದವರು ಸಂಸಾರ ಸಮೇತ ಇರುವವರು. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಅಸ್ಸಾಂ 2022ರ ಜೂನ್‌ನಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಯದಾಗಿ ಸೇರಿತು. ಅಂದಿನಿಂದ ಅಲ್ಲಿನ ಚೀಟಿಗೆ ಇಲ್ಲಿನ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ಸಿಗುತ್ತದೆ, ರಾಜ್ಯದ ಹೆಚ್ಚುವರಿ ಪಾಲು ಸಿಗುವುದಿಲ್ಲ. ಊರಿನಲ್ಲಿ ಉಳಿದ ಅಪ್ಪ ಅಮ್ಮ ಅದೇ ಚೀಟಿಯಲ್ಲಿ ಪಡೆಯುತ್ತಿದ್ದರೆ ಅವರ ಪಾಲು ಅಲ್ಲಿ, ಇವರ ಪಾಲು ಇಲ್ಲಿ ಎಂದು ಬಿಡಿಯಾಗಿಯೂ ಪಡೆಯಬಹುದು. ಇಷ್ಟನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ, ಒಮ್ಮೆ ಅಂಗಡಿಗೆ ಜೊತೆಯಲ್ಲಿ ಹೋಗಿ ಬನ್ನಿ. ‘ನೀವು ಯಾವ ದೇಶದವರು’ ಎಂಬ ವಿಚಾರಣೆ ನಿಮ್ಮ ಕೆಲಸವಲ್ಲ. ನೀವು ಪೊಲೀಸರ ಕಡೆಯವರಲ್ಲ ಎಂದು ಮೊದಲ ಮಾತಿನಲ್ಲೇ ಹೇಳದಿದ್ದರೆ ಮುಂದಿನ ಮಾತಿಗೆ ಯಾರೂ ನಿಲ್ಲುವುದಿಲ್ಲ.

ಇನ್ನು ಮನೆಯ ಮಾತು. ಹಾಡಿಯಲ್ಲಿ ಪುಸ್ತಕ ಹಿಡಿದು ಹೆಸರು ಬರೆದುಕೊಳ್ಳುವವರನ್ನು ಕಂಡರೆ ‘ಮನೆ ಕೊಡಲು ಬಂದಿದ್ದಾರೆ’ ಎಂದು ಜನ ನಂಬುತ್ತಾರೆ, ಹಾಗೆ ನಂಬಿ ನಂಬಿ ಸೋತಿದ್ದಾರೆ. ಮನೆ, ನಿವೇಶನ, ಪೈಸಾರಿ (ಸರ್ಕಾರಿ) ಜಾಗದ ಬಗ್ಗೆ ಯಾವ ಆಶ್ವಾಸನೆಯನ್ನೂ ಕೊಡಬೇಡಿ. ‘ನೋಡೋಣ, ಕೇಳಿ ನೋಡುತ್ತೇವೆ’ ಎಂಬ ಮೃದುವಾದ ಮಾತು ಕೂಡ ಅಲ್ಲಿ ಆಶ್ವಾಸನೆಯಾಗಿಬಿಡುತ್ತದೆ. ನಿಮ್ಮಿಂದ ಆಗುವುದು ಇಷ್ಟು: ಪಂಚಾಯಿತಿಯ ನಿವೇಶನರಹಿತರ ಪಟ್ಟಿಯಲ್ಲಿ ಆ ಕುಟುಂಬದ ಹೆಸರಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಪಡೆದು, ಮುಂದಿನ ಗ್ರಾಮ ಸಭೆಯ ದಿನಾಂಕವನ್ನು ಅವರಿಗೆ ತಿಳಿಸುವುದು. ಕಾಡಿನೊಳಗಿನ ಹಾಡಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಐ.ಟಿ.ಡಿ.ಪಿ. ಕಚೇರಿಯಿಂದ ಕೇಳಿ ತಿಳಿಸಬಹುದು. ಅರ್ಜಿ ತಿರಸ್ಕೃತವಾಗಿದ್ದರೆ ಮೇಲ್ಮನವಿಗೆ ಅವಧಿಯಿರುತ್ತದೆ, ಆ ಸುದ್ದಿ ಹಾಡಿಗೆ ತಲುಪಿರುವುದಿಲ್ಲ. ಲೈನ್ ಮನೆಯಲ್ಲಿರುವವರೊಡನೆ ಈ ಮಾತನ್ನು ರೈಟರ ಎದುರಿನಲ್ಲಿ ಎತ್ತಲೇಬೇಡಿ. ಸ್ವಂತ ಜಾಗ ಕೇಳಿದ್ದಾರೆಂಬ ಸುದ್ದಿ ಹರಡಿ ಇರುವ ಮನೆಯೂ ಹೋದರೆ ಅದರ ಫಲ ಅನುಭವಿಸುವವರು ನೀವಲ್ಲ.

ಪೇಟೆಯ ಬಸ್ ನಿಲ್ದಾಣಗಳಲ್ಲಿ, ಅಂಗಡಿ ಜಗಲಿಗಳಲ್ಲಿ ಮಲಗುವವರು ಕೆಲವರೇ ಆದರೂ ಅವರನ್ನು ಬಿಡುವಂತಿಲ್ಲ. ನಗರ ವಸತಿರಹಿತರ ಆಶ್ರಯ ತಾಣದ ನಿಯಮ ಒಂದು ಲಕ್ಷ ಜನಸಂಖ್ಯೆಗೆ 100 ಜನರ ತಂಗುದಾಣ ಎನ್ನುತ್ತದೆ. 2011ರ ಗಣತಿಯಲ್ಲಿ 33 ಸಾವಿರ ಜನರಿದ್ದ ಮಡಿಕೇರಿಯಂಥ ಊರಿಗೆ ಆ ಲೆಕ್ಕ ಹೊಂದುವುದೇ ಇಲ್ಲ, ಹೀಗಾಗಿ ಸಣ್ಣ ಪೇಟೆಗಳ ಹೊಣೆ ಹೆಚ್ಚಾಗಿ ಖಾಸಗಿ ಆಶ್ರಮಗಳ ಮೇಲೆ ಬೀಳುತ್ತದೆ. ರಾತ್ರಿ ಹೋಗಿ ಅನ್ನದ ಪೊಟ್ಟಣ ಹಂಚಿ ಬರುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಹಗಲಿನಲ್ಲಿ ಇಬ್ಬರು ಮೂವರಾಗಿ ಹೋಗಿ, ಪಕ್ಕದ ಹೋಟೆಲಿನವರನ್ನೂ ಆಟೋದವರನ್ನೂ ಮಾತನಾಡಿಸಿ, ಆ ವ್ಯಕ್ತಿಯೊಡನೆ ಕುಳಿತು ಚಹಾ ಕುಡಿದರೆ ಊರು ಯಾವುದು, ಕಾಯಿಲೆ ಏನು ಎಂಬುದು ತಿಳಿಯುತ್ತದೆ. ಮನೋರೋಗದಿಂದ ಅಲೆಯುತ್ತಿರುವವರು ಕಂಡರೆ ನೀವೇ ವಾಹನಕ್ಕೆ ಹತ್ತಿಸಿ ಎಲ್ಲಿಗೂ ಒಯ್ಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಆ ಠಾಣೆಯ ಅಧಿಕಾರಿಯ ಕರ್ತವ್ಯ. ಠಾಣೆಗೆ ಬರಹದಲ್ಲಿ ತಿಳಿಸಿ, ಮರುದಿನ ಹೋಗಿ ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567, ಮಕ್ಕಳದು 1098, ಮಾನಸಿಕ ಆರೋಗ್ಯಕ್ಕೆ 14416. ಈ ಮೂರೂ ತಂಡದ ಎಲ್ಲರ ಮೊಬೈಲ್‌ನಲ್ಲಿರಲಿ.

ನಿಮ್ಮ ಕೈಮೀರಿದ ಸಂಗತಿಗಳೂ ಎದುರಾಗುತ್ತವೆ. ಕೈಕಾಲು ಕಡ್ಡಿಯಾಗಿ, ಆಟಕ್ಕೂ ಏಳದ ಮಗುವನ್ನು ಕಂಡರೆ ಆಶಾ ಕಾರ್ಯಕರ್ತೆಯನ್ನು ಅಂದೇ ಕರೆತನ್ನಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ, ಅದಕ್ಕೆ ನಿಮ್ಮ ಮೊಟ್ಟೆ ಸಾಲದು, ಪೌಷ್ಟಿಕ ಪುನಶ್ಚೇತನ ಕೇಂದ್ರದ ಆರೈಕೆ ಬೇಕು. ವಾರಗಟ್ಟಲೆ ಕೆಮ್ಮುತ್ತ ಬಡಕಲಾದ ದೊಡ್ಡವರಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯವೆಂದು ತಿಳಿದು ಔಷಧಿ ಆರಂಭವಾದರೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಅವರ ಖಾತೆಗೆ ಬರುತ್ತದೆ (2024ರ ನವೆಂಬರಿಗೆ ಮೊದಲು ಇದು 500 ಇತ್ತು). ಮುಂಗಡ ತೀರಿಸುವವರೆಗೆ ತೋಟ ಬಿಡುವಂತಿಲ್ಲ ಎಂದು ಯಾರಾದರೂ ಹೇಳಿಕೊಂಡರೆ, ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬರುವ ಗಂಭೀರ ವಿಷಯ. ತೋಟದಲ್ಲಿ ನಿಂತು ವಾದ ಮಾಡದೆ, ನಿಮ್ಮ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಗಳ ಮೂಲಕ ಉಪವಿಭಾಗಾಧಿಕಾರಿಗಳಿಗೆ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಿ, ಹೇಳಿದವರ ಹೆಸರು ತಂಡದೊಳಗೂ ಹರಡದಂತೆ ನೋಡಿಕೊಳ್ಳಿ.

ನಡವಳಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಬೇಸರಿಸಬೇಡಿ. ನಮ್ಮ ಜಿಲ್ಲೆಯಲ್ಲಿ ತೋಟದ ಕೆಲಸದವರನ್ನು, ಅವರು ಅಜ್ಜನ ವಯಸ್ಸಿನವರಾಗಿದ್ದರೂ, ಏಕವಚನದಲ್ಲಿ ಕರೆಯುವ ರೂಢಿ ಇನ್ನೂ ಹೋಗಿಲ್ಲ. ಓದಿದ ಮಕ್ಕಳ ಬಾಯಲ್ಲೂ ಅದು ಗೊತ್ತಿಲ್ಲದೆ ಬಂದುಬಿಡುತ್ತದೆ. ಅಣ್ಣ, ಅಕ್ಕ, ಅಜ್ಜ, ಅಜ್ಜಿ ಎನ್ನಿ, ‘ನೀವು’ ಎನ್ನಿ. ಎರವ ಭಾಷೆ ಬಲ್ಲ ಒಬ್ಬ ಸಹಪಾಠಿ ತಂಡದಲ್ಲಿದ್ದರೆ ಅವರೇ ಮುಂದಾಳಾಗಲಿ. ಫೋಟೊ ಬೇಡ. ಸೇವಾ ಯೋಜನೆಯ ವರದಿಗೆ ಚಿತ್ರ ಬೇಕೇ ಬೇಕೆಂದರೆ ನಿಮ್ಮ ತಂಡದ ಸಭೆಯದು ಸಾಕು, ತಟ್ಟೆ ಹಿಡಿದ ಮಗುವಿನದು ಬೇಡ. ಆಧಾರ್ ಕಾರ್ಡಿನ ಚಿತ್ರವನ್ನು ಯಾರ ಮೊಬೈಲ್‌ನಲ್ಲೂ ಉಳಿಸಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ; ಕಾಗದದ ನಕಲು ತೆಗೆದು ಕೆಲಸ ಮುಗಿದ ಮೇಲೆ ಅವರಿಗೇ ಹಿಂತಿರುಗಿಸಿ.

ಹತ್ತು ದಿನ ಮುಗಿಯುವಾಗ ನಿಮ್ಮ ಕೈಯಲ್ಲಿರುವ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ಯರ್ಥವಾಗದೆ ಉಳಿದಿರುತ್ತವೆ, ಅದು ಸಹಜ. ಪ್ರತಿಯೊಂದಕ್ಕೂ ಸ್ವೀಕೃತಿ ಸಂಖ್ಯೆ, ಅರ್ಜಿ ಯಾವ ಮೇಜಿನಲ್ಲಿದೆ, ಮತ್ತೆ ಯಾವಾಗ ಕೇಳಬೇಕು ಎಂದು ಒಂದು ಪುಸ್ತಕದಲ್ಲಿ ಬರೆದು, ಹತ್ತಿರದಲ್ಲೇ ಮನೆಯಿರುವ ಇಬ್ಬರಿಗೆ ಒಪ್ಪಿಸಿ. ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕಷ್ಟೆ. ಶಿಬಿರದ ನಂತರ ತಿಂಗಳಿಗೆರಡು ಸಲ ತಾಲ್ಲೂಕು ಕಚೇರಿಗೆ ಹೋಗಿ ಬರುವುದನ್ನೂ ಆ ಗಂಟೆಗಳಲ್ಲಿ ಲೆಕ್ಕ ಹಿಡಿಯುವಂತೆ ಕಾರ್ಯಕ್ರಮಾಧಿಕಾರಿಗಳನ್ನು ಈಗಲೇ ಕೇಳಿಕೊಳ್ಳಿ.

ಹಣದ ಹಂಚಿಕೆಗೆ ನನ್ನ ಸಲಹೆ ಹೀಗಿದೆ. 25,000ದಲ್ಲಿ 15,000 ಮಕ್ಕಳ ಊಟಕ್ಕೆ. ಅದರಲ್ಲಿ ಕನಿಷ್ಠ ಹದಿನೈದು ದಿನದ ಊಟವಾಗುತ್ತದೆ, ನೀವು ಮನೆಗೆ ಮರಳಿದ ಮೇಲೂ ಅಡುಗೆಯ ಅಕ್ಕ ಐದು ದಿನ ಮುಂದುವರಿಸಬಲ್ಲರು. ಅಷ್ಟರೊಳಗೆ ಪಂಚಾಯಿತಿಯವರೋ ಊರಿನ ಯಾವುದಾದರೂ ಸಂಘದವರೋ ಮೇ ತಿಂಗಳ ಊಟದ ಹೊಣೆ ಹೊರುವಂತಾದರೆ ಒಳ್ಳೆಯದು, ಮೂರನೆಯ ದಿನವೇ ಅವರನ್ನು ಊಟದ ಹೊತ್ತಿಗೆ ಕರೆದು ತೋರಿಸಿ. 5,000 ಜೆರಾಕ್ಸ್, ಅರ್ಜಿ ಶುಲ್ಕ ಮತ್ತು ಕಚೇರಿಗೆ ಬರಲೇಬೇಕಾದವರ ಬಸ್ ಚಾರ್ಜಿಗೆ. ಉಳಿದ 5,000ವನ್ನು ಮುಟ್ಟದೆ ಇಟ್ಟು, ಮೇ ಮೂರನೆಯ ವಾರದಲ್ಲಿ ಒಳ್ಳೆಯ ದಪ್ಪದ ಟಾರ್ಪಾಲಿನ್ ಕೊಳ್ಳಿ. ಎಷ್ಟು ಮನೆಗಳ ಮಾಡು ಸೋರುತ್ತದೆ ಎಂಬುದನ್ನು ಏಪ್ರಿಲ್‌ನಲ್ಲಿ ಮನೆಮನೆ ಸುತ್ತುವಾಗಲೇ ಬರೆದುಕೊಂಡಿರುತ್ತೀರಿ. ಎಲ್ಲರಿಗೂ ಸಾಲದಿದ್ದರೆ ಯಾರಿಗೆ ಮೊದಲು ಎಂಬುದನ್ನು ಹಾಡಿಯ ಯಜಮಾನರೂ ಅಲ್ಲಿನ ಹೆಂಗಸರೂ ಕೂತು ತೀರ್ಮಾನಿಸಲಿ, ಮತ್ತು ಅದು ಜೂನ್ ಮೊದಲ ವಾರದೊಳಗೆ ಮಾಡಿನ ಮೇಲೆ ಹಾಕಿಯಾಗಿರಲಿ.